ವಾಲಿ-ಸುಗ್ರೀವ ನ್ಯಾಯ: ಕಾಟಾದ ವೈರಿನ ನಾಮಮೀಮಾಂಸೆ

ಪ್ರಸ್ತಾವನೆ

ಕೊಪ್ಪಳ ಸೀಮೆಯ ಸ್ಥಳನಾಮಗಳ ಮೇಲೆ ಶಾಸನತಜ್ಞರು ಬರೆದಿದ್ದಾರೆ, ಭಾಷಾಶಾಸ್ತ್ರಜ್ಞರು ಬರೆದಿದ್ದಾರೆ. ಲಿನಕ್ಸ್ ಸರ್ವರಿಗೆ ಚುಚ್ಚಿದ ಯುಎಸ್‌ಬಿ ಸೀರಿಯಲ್ ವೈರಿಗೆ ಹೆಸರಿಡುವ ಪ್ರಶ್ನೆ ಬಂದಾಗ ಮಾತ್ರ ವಿದ್ವತ್ ಲೋಕ ಕೆಮ್ಮಿ ಸುಮ್ಮನಾಗಿದೆ. ಆ ಕೊರತೆಯನ್ನು ನೀಗುವುದೇ ಪ್ರಸ್ತುತ ಸಂಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಮಿತಿ: ಸಂಶೋಧಕನ ಬೈಕಿನ ಪೆಟ್ರೋಲು.

ಕ್ಷೇತ್ರಕಾರ್ಯ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತವೆಲ್ಲ ಬಂದು ಬೀಳುವ ಗಂಗಾವತಿಯ ಒಂದು ರೈಸ್ ಮಿಲ್ಲು. ಲಾರಿ ತೂಗುವ ಕಾಟಾದಿಂದ ಒಂದು ವೈರು, ಭತ್ತದ ತೇವಾಂಶ ಅಳೆಯುವ ಮೀಟರಿನಿಂದ ಇನ್ನೊಂದು ವೈರು. ಎರಡೂ ಸರ್ವರಿಗೆ ಚುಚ್ಚಿದವು, ಒಂದೇ ಅಂಗಡಿಯವು, ಒಂದೇ ನೀಲಿ ಬಣ್ಣದವು, 9600 ಬಾಡ್ ವೇಗದಲ್ಲಿ ಮಾತಾಡುವವು. ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಬಂದ ಮೇಲೆ ನಡೆದ ಸಂವಾದವನ್ನು ಯಥಾವತ್ತಾಗಿ ದಾಖಲಿಸಲಾಗಿದೆ.

“ಸಾವ್ಕಾರ್ರ, ಲಾರಿ ಹದಿನಾರು ಕೇಜಿ ಅಂತ ತೋರ್ಸಾಕತ್ತೈತ್ರಿ.”

“ಭತ್ತ?”

“ಭತ್ತದಾಗ ಇಪ್ಪತ್ನಾಕು ಸಾವಿರ ಪರ್ಸೆಂಟ್ ನೀರೈತ್ರಿ.”

“ಹಂಗಾರ ಅದು ಭತ್ತ ಅಲ್ಲಲೇ, ಡ್ಯಾಮು.”

ಬೆಂಬಲ ಬೆಲೆಯ ಖರೀದಿಗೆ ತೇವಾಂಶದ ಮಿತಿ ಶೇ 17 ಎಂಬುದನ್ನು ಇಲ್ಲಿ ನೆನೆಯಬೇಕು.

ಪೂರ್ವಪಕ್ಷ

ಲಿನಕ್ಸಿನ ಹೃದಯವಾದ ಕರ್ನೆಲ್‌ನ ವಾದ ಹೀಗಿದೆ: ಮೊದಲು ಕಣ್ಣಿಗೆ ಬಿದ್ದವನು ಟಿಟಿವೈಯುಎಸ್‌ಬಿ 0, ಆಮೇಲೆ ಬಂದವನು 1. ಕುಷ್ಟಗಿ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಶಾಸ್ತ್ರವೂ ಇದೇ. ಬಸ್ಸು ಕೆಡುವವರೆಗೂ ಈ ಶಾಸ್ತ್ರ ಸರಿಯಾಗಿಯೇ ನಡೆಯುತ್ತದೆ. ಬದಲಿ ಬಸ್ಸು ಬಂದಾಗ ಕಿಟಕಿ ಪಕ್ಕದ ಯಜಮಾನ ಕಂಬ ಹಿಡಿದು ನಿಂತಿರುತ್ತಾನೆ. ಕರೆಂಟು ಹೋಗಿ ಬರುವುದೆಂದರೆ ಸರ್ವರಿಗೆ ಬದಲಿ ಬಸ್ಸು ಬಂದಂತೆ: 0 ಇದ್ದವನು 1 ಆಗಬಹುದು, 1 ಇದ್ದವನು 0.

ಪೂರ್ವಸೂರಿಗಳ ಸಮೀಕ್ಷೆ

‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೇಳಿದ ಕೊಪಣನಗರವೇ ಇಂದಿನ ಕೊಪ್ಪಳ. ಸಿಂದರ ರಾಜಧಾನಿ ಎರಂಬರಗೆಯೇ ಯಲಬುರ್ಗಾ. ಊರು ಇದ್ದಲ್ಲೇ ಇದೆ, ಹೆಸರು ಸರಿದಿದೆ. ಕೊಪ್ಪಳದ ಗವಿಮಠದ ಬಂಡೆಯ ಶಾಸನದಲ್ಲಿ ಅರಸನು ‘ದೇವಾನಂಪಿಯ’ ಎಂಬ ಬಿರುದಿನಲ್ಲೇ ಮಾತಾಡುತ್ತಾನೆ, ಹೆಸರು ಹೇಳುವುದಿಲ್ಲ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬಿರುದಿನ ಪಕ್ಕದಲ್ಲೇ ‘ಅಶೋಕ’ ಎಂಬ ಹೆಸರು ಸಿಕ್ಕಿತು. ದೇವಾನಂಪಿಯನೇ ಅಶೋಕ ಎಂಬ ವಿದ್ವಾಂಸರ ಊಹೆಗೆ ಕಲ್ಲಿನ ಸಾಕ್ಷಿ ಒದಗಿತು. ಒಂದು ಹೆಸರಿನಿಂದ ಇನ್ನೊಂದಕ್ಕೆ ಕೈತೋರಿಸುವುದನ್ನು ಲಿನಕ್ಸಿನವರು ಸಿಮ್‌ಲಿಂಕ್ ಎನ್ನುತ್ತಾರೆ; ಆದ್ದರಿಂದ ಭರತಖಂಡದ ಮೊದಲ ಸಿಮ್‌ಲಿಂಕ್ ಮಸ್ಕಿಯ ಬಂಡೆ ಎಂದು ಈ ಲೇಖಕನು ವಿನಯಪೂರ್ವಕವಾಗಿ ಘೋಷಿಸುತ್ತಾನೆ.

ಸಿದ್ಧಾಂತ

2003ರಲ್ಲಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಮಂಡಿಸಿದ, ಲಿನಕ್ಸಿನಲ್ಲಿ ಸಾಧನಗಳಿಗೆ ಹೆಸರಿಡುವ ಯುಡೆವ್ ದರ್ಶನವು ಕೊಪ್ಪಳದವರಿಗೆ ಹೊಸದೇನಲ್ಲ. ಗವಿಸಿದ್ಧೇಶ್ವರನ ಊರಿನ ಸಂತೆಯಲ್ಲಿ “ಗವಿಸಿದ್ದಪ್ಪಾ” ಎಂದು ಕೂಗಿದರೆ ಹತ್ತು ತಲೆ ತಿರುಗುತ್ತವೆ. ಅದಕ್ಕೆಂದೇ ಬಡಿಗೇರ, ಹೂಗಾರ, ಪತ್ತಾರ ಎಂಬ ಅಡ್ಡಹೆಸರುಗಳಿವೆ. ಯಾವಾಗ ಬಂದೆ ಎಂದು ಕೇಳಬೇಡ, ಯಾರ ಪೈಕಿ ಎಂದು ಕೇಳು: ಯುಡೆವ್‌ನ ತಿರುಳು ಇಷ್ಟೇ.

ಐಡಿವೆಂಡರ್ ಎಂದರೆ ಮನೆತನ, ಐಡಿಪ್ರಾಡಕ್ಟ್ ಎಂದರೆ ಕಸುಬು, ಸೀರಿಯಲ್ ಎಂದರೆ ಆಧಾರ್ ಸಂಖ್ಯೆ. ‘ಯುಡೆವ್‌ಎಡಿಎಂ ಇನ್ಫೋ -ಎ’ ಎಂದು ಕೇಳಿದರೆ ಸಾಕು, ಎತ್ತಿನ ಮೇಲೆ ಬಂದ ಹೆಳವನಂತೆ ಅದು ವೈರಿನ ಅಪ್ಪ, ಅಜ್ಜ, ಮುತ್ತಜ್ಜರನ್ನೆಲ್ಲ ಒಪ್ಪಿಸುತ್ತದೆ. ಎಫ್‌ಟಿಡಿಐನ ಎಫ್‌ಟಿ232ಆರ್ ಚಿಪ್ಪಾದರೆ ಮನೆತನ 0403, ಕಸುಬು 6001, ಜೊತೆಗೆ ತನ್ನದೇ ಸೀರಿಯಲ್. ಇವನ್ನು ರೂಲ್ಸ್ ಫೈಲಿನಲ್ಲಿ ಒಂದು ಸಾಲಾಗಿ ಬರೆದು ‘ಕಾಟಾ’ ಎಂಬ ಸಿಮ್‌ಲಿಂಕ್ ಕೊಟ್ಟರೆ, ವೈರು 0 ಆಗಲಿ 1 ಆಗಲಿ, ಲೆಕ್ಕದ ಪ್ರೋಗ್ರಾಮು ‘ಕಾಟಾ’ ಎಂದೇ ಕರೆಯುತ್ತದೆ. ಸೂತ್ರಗಳು ಎರಡು. ಹೋಲಿಸುವಲ್ಲಿ ಎರಡು ಸಮಚಿಹ್ನೆ, ಹೆಸರು ಕೊಡುವಲ್ಲಿ ಕೂಡುವ ಚಿಹ್ನೆಯ ಜೊತೆ ಒಂದು ಸಮಚಿಹ್ನೆ. ಅಪ್ಪನ ಗುಣವನ್ನೂ ಅಜ್ಜನ ಗುಣವನ್ನೂ ಒಂದೇ ಸಾಲಿನಲ್ಲಿ ಬೆರೆಸುವಂತಿಲ್ಲ. ಒಂದು ನಿಯಮಕ್ಕೆ ಒಬ್ಬನೇ ಹಿರಿಯ.

ಅಪವಾದ ಪ್ರಕರಣ

ಮಿಲ್ಲಿನ ವೈರುಗಳು ಅಗ್ಗದ ಸಿಎಚ್340 ಚಿಪ್ಪಿನವು. ಇಬ್ಬರದೂ ಮನೆತನ 1ಎ86, ಕಸುಬು 7523, ಸೀರಿಯಲ್ ಇಬ್ಬರಿಗೂ ಇಲ್ಲ. ಗುರುತಿನ ಮೇಲೆ ಹೆಸರು ಪಟ್ಟಿಮಾಡುವ ಬೈ-ಐಡಿ ಕೋಶದಲ್ಲಿ ನೋಡಿದರೆ ಇಬ್ಬರಿಗೂ ಒಂದೇ ಹೆಸರು, ಹಾಗಾಗಿ ಒಬ್ಬನೇ ಕಾಣುತ್ತಾನೆ.

ಗಂಗಾವತಿಗೆ ಇದು ತ್ರೇತಾಯುಗದ ಸಮಸ್ಯೆ. ಕಿಷ್ಕಿಂಧೆ ಇದೇ ತಾಲೂಕಿನ ಆನೆಗೊಂದಿಯ ಬೆಟ್ಟಗಳಲ್ಲಿತ್ತು ಎಂಬುದು ಜನರ ನಂಬಿಕೆ. ವಾಲಿ-ಸುಗ್ರೀವರು ಕಾದಾಡುವಾಗ ಯಾರು ಯಾರೆಂದು ತಿಳಿಯದೆ ರಾಮ ಬಾಣವನ್ನೇ ಬಿಡಲಿಲ್ಲ. ಸುಗ್ರೀವ ಒದೆ ತಿಂದು ವಾಪಸು ಬಂದ. ಆಗ ಲಕ್ಷ್ಮಣ ಗಜಪುಷ್ಪಿಯ ಬಳ್ಳಿಯನ್ನು ಅವನ ಕೊರಳಿಗೆ ಕಟ್ಟಿದ. ಒಳಗೆ ಗುರುತಿಲ್ಲದವನಿಗೆ ಹೊರಗೆ ಗುರುತು ಕಟ್ಟಬೇಕು ಎಂಬುದೇ ವಾಲಿ-ಸುಗ್ರೀವ ನ್ಯಾಯ.

ಸರ್ವರಿನಲ್ಲಿ ಆ ಹೊರಗುರುತು ಎಂದರೆ ಚುಚ್ಚಿದ ಪೋರ್ಟು. 1-1.2 ಎಂದು ಕಂಡರೆ ಒಂದನೇ ಓಣಿ, ಒಂದನೇ ಮನೆ, ಎರಡನೇ ಕೋಣೆ ಎಂದು ತಿಳಿಯಬೇಕು. ಆ ವಿಳಾಸಕ್ಕೆ ‘ಕಾಟಾ’, ಪಕ್ಕದ ಕೋಣೆಗೆ ‘ತೇವ’ ಎಂದು ನಿಯಮ ಬರೆಯಲಾಯಿತು. ಕಾಟಾದ ವೈರಿಗೂ ಅದರ ಪೋರ್ಟಿಗೂ ಕೆಂಪು ಇನ್ಸುಲೇಷನ್ ಟೇಪು ಸುತ್ತಲಾಯಿತು. ಗಜಪುಷ್ಪಿ ಆ ಹೊತ್ತಿಗೆ ಸಿಗಲಿಲ್ಲ.

ಫಲಶ್ರುತಿ

ಮರುದಿನ ಕರೆಂಟು ನಾಲ್ಕು ಸಲ ಹೋಗಿ ಬಂತು. ಲಾರಿ ಲಾರಿಯಾಗಿಯೇ ಉಳಿಯಿತು, ಭತ್ತ ಭತ್ತವಾಗಿಯೇ ಉಳಿಯಿತು. ಐದನೆಯ ದಿನ ಲಾರಿ ಮತ್ತೆ ಹದಿನೈದು ಕೇಜಿಗೆ ಇಳಿಯಿತು. ತನಿಖೆಯಲ್ಲಿ ತಿಳಿದದ್ದು: ಗುಮಾಸ್ತ ತನ್ನ ಮೊಬೈಲ್ ಚಾರ್ಜಿಗೆಂದು ಎರಡೂ ವೈರು ಕಿತ್ತಿದ್ದ, ಮರಳಿ ಚುಚ್ಚುವಾಗ ಅದಲು ಬದಲು ಮಾಡಿದ್ದ.

ಆದಕಾರಣ ನಾಲ್ಕೂ ತಾಲೂಕುಗಳ ಸಮಸ್ತ ಗುಮಾಸ್ತರಲ್ಲಿ ಈ ಸಂಪ್ರಬಂಧದ ಏಕೈಕ ಶಿಫಾರಸು: ಕೆಂಪು ಟೇಪಿನ ವೈರು ಕೀಳಬ್ಯಾಡ್ರಿ, ಮೊಬೈಲಿಗೆ ಬ್ಯಾರೆ ಚಾರ್ಜರ್ ತಗೊಳ್ರಿ.