ರೋಜರ್ ರಾಯರು

ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇದ್ದೇ ಇದೆ. ನಮ್ಮ ಜೀಪು ಪಟಾಲಮ್ಮಿಗೆ ಮಾತ್ರ ಅವರು ರೋಜರ್ ರಾಯರು. ಹೋಟೆಲಿನಲ್ಲಿ ಸಪ್ಲೈಯರ್ ಬಂದು "ಎರಡು ಇಡ್ಲಿ, ಒಂದು ವಡೆ ಅಂದ್ರಲ್ಲ ಸಾರ್?" ಎಂದು ಕೇಳಿದರೆ ರಾಯರು ಗಂಭೀರವಾಗಿ "ಅಫರ್ಮೇಟಿವ್" ಅನ್ನುತ್ತಾರೆ. ಅವನು ಒಂದು ಕ್ಷಣ ಯೋಚನೆ ಮಾಡಿ "ಅದು ಖಾಲಿ ಆಯ್ತು ಸಾರ್, ಕೇಸರಿಬಾತ್ ಇದೆ" ಅನ್ನುತ್ತಾನೆ.

ಬಸವನಗುಡಿ, ಜಯನಗರದ ಕಡೆ ನಾಲ್ಕು ಅಪಾರ್ಟ್‌ಮೆಂಟಿನ ನೆಲಮಾಳಿಗೆ ಸುತ್ತಿದರೆ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಐವತ್ತರ ಆಸುಪಾಸು, ಮಗನ ಕಾಲೇಜು ಫೀಸಿನ ಕಾಟ ಮುಗಿದಿದೆ, ಸೊಸೆ ಹುಡುಕುವ ಕಾಟ ಇನ್ನೂ ಶುರುವಾಗಿಲ್ಲ. ಆ ನಡುವಿನ ಸಂದಿನಲ್ಲಿ ಮನುಷ್ಯ ಏನು ಬೇಕಾದರೂ ಮಾಡಬಲ್ಲ. ಭಾನುವಾರ ಬೆಳಿಗ್ಗೆ ರಾಯರು ಬರ್ಮುಡಾ ಹಾಕಿಕೊಂಡು, ಜಿಪ್ಸಿಯ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಎರಡೂ ಕಾಲು ಬಾಗಿಲಾಚೆ ಚಾಚಿ ಮಲಗಿರುತ್ತಾರೆ. ಬಾನೆಟ್ಟಿನ ಮೇಲೆ ಕಾಫಿ ಕೆನೆಗಟ್ಟಿರುತ್ತದೆ. ಹೊಸದಾಗಿ ಬಂದ ಬಾಡಿಗೆದಾರರು ಗಾಡಿ ಕೆಟ್ಟಿದೆಯೆಂದು ಅನುಕಂಪ ತೋರಿಸುತ್ತಾರೆ. ಗಾಡಿಗೆ ಏನೂ ಆಗಿಲ್ಲ. ರೇಡಿಯೋ ಅಪ್‌ಗ್ರೇಡ್ ಆಗುತ್ತಿದೆ. ಅದು ಆಗುತ್ತಲೇ ಇರುತ್ತದೆ.

ಹೀಗೆಂದರೆ ಹಾಡು ಕೇಳುವ ರೇಡಿಯೋ ಎಂದುಕೊಳ್ಳಬೇಡಿ. ರಾಯರ ಗಾಡಿಯಲ್ಲಿ ಹಾಡಿಲ್ಲ. ಹಾಡಿನ ಪೆಟ್ಟಿಗೆ ಕಿತ್ತ ಜಾಗದಲ್ಲೇ ಮಾತಿನ ಸೆಟ್ಟು ಕೂತಿರುವುದು. ಒತ್ತಿದರೆ ಮಾತಾಡಬೇಕು, ಬಿಟ್ಟರೆ ಕೇಳಬೇಕು, ಪೊಲೀಸರ ವಾಕಿಟಾಕಿಯ ಹಾಗೆ. ಕಾಡಿನ ಹಾದಿಯಲ್ಲಿ, ಫೋನಿನ ಕಡ್ಡಿಗಳೆಲ್ಲ ಮಲಗಿಬಿಟ್ಟ ಕಡೆ, ಮುಂದಿನ ಜೀಪಿನವರು ಹಿಂದಿನ ಜೀಪಿನವರಿಗೆ "ಎದುರಿಗೆ ಬಸ್ಸು ಬರ್ತಿದೆ, ಅಲ್ಲೇ ನಿಲ್ಲಿ" ಎಂದು ಹೇಳಲು ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಘಾಟಿಯ ತಿರುವಿನಲ್ಲಿ ಆ ಒಂದು ವಾಕ್ಯದ ಬೆಲೆ ಏನೆಂಬುದು ಬಸ್ಸಿನ ಮೂತಿಯನ್ನು ಮುಖಾಮುಖಿ ಕಂಡವರಿಗೆ ಗೊತ್ತು. ಆದ್ದರಿಂದ ರಾಯರನ್ನು ಪೂರ್ತಿ ಹುಚ್ಚರೆನ್ನಲು ನನಗೆ ಬಾಯಿ ಬರುವುದಿಲ್ಲ. ಮುಕ್ಕಾಲು ಎನ್ನಬಹುದು.

ಶುರುವಾದದ್ದು ಅಂಗೈಯಗಲದ ಸೆಟ್ಟುಗಳಿಂದ. 446 ಮೆಗಾಹರ್ಟ್ಸ್‌ನ ಸಣ್ಣ ಸೆಟ್ಟುಗಳಿಗೆ ಸರ್ಕಾರ 2018ರಲ್ಲಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ರಾಯರು ಒಂದು ಜೊತೆ ತಂದರು. ಕಣ್ಣಿಗೆ ಕಾಣುವಷ್ಟು ದೂರಕ್ಕೆ ಅವು ಚೆನ್ನಾಗಿ ಕೇಳಿಸಿದವು. ಗುಡ್ಡ ಅಡ್ಡ ಬಂದಾಗ ನಿಂತುಹೋದವು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. "ಕಣ್ಣಿಗೆ ಕಾಣೋವ್ನ ಹತ್ರ ಮಾತಾಡೋಕೆ ರೇಡಿಯೋ ಯಾಕ್ರೀ? ಕೈ ಬೀಸಿದ್ರೆ ಆಯ್ತಲ್ಲ?" ಎಂದು ಅವರ ಮನೆಯವರು, ಅಂದರೆ ನಮ್ಮ ಅತ್ತಿಗೆ, ಕೇಳಿದ್ದೇ ತಪ್ಪಾಯಿತು. ರಾಯರು ಹ್ಯಾಮ್, ಅಂದರೆ ಲೈಸೆನ್ಸು ಪಡೆದ ಹವ್ಯಾಸಿ ರೇಡಿಯೋದವರು, ಆಗಲು ಹೊರಟರು.

ಹ್ಯಾಮ್ ಆಗುವುದೆಂದರೆ ಸುಮ್ಮನೆ ಅಲ್ಲ. ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆಯಬೇಕು. ಹನ್ನೆರಡು ತುಂಬಿದ ಮಕ್ಕಳೂ ಬರೆಯಬಹುದು, ಬರೆದು ಪಾಸೂ ಆಗುತ್ತಾರೆ. ಕೂದಲು ನೆರೆತವರಿಗೇ ಕಷ್ಟ. ರೆಸ್ಟ್ರಿಕ್ಟೆಡ್ ಗ್ರೇಡ್ ಸಾಕಾಗಿತ್ತು. ಆದರೆ ಕಡಿಮೆ ದರ್ಜೆಯದು ಯಾವುದನ್ನೂ ತೆಗೆದುಕೊಂಡವರಲ್ಲ ನಮ್ಮ ರಾಯರು. ಜನರಲ್ ಗ್ರೇಡಿಗೇ ಕೂತರು. ಅದಕ್ಕೆ ನಿಮಿಷಕ್ಕೆ ಎಂಟು ಪದದ ವೇಗದಲ್ಲಿ ಮೋರ್ಸ್ ಬರಬೇಕು. ಕೆಲವು ತಿಂಗಳು ಮನೆಯಲ್ಲಿ ಎಲ್ಲದರ ಮೇಲೂ ಟಿಕ್ ಟೀಕ್ ಟಿಕ್. ಊಟಕ್ಕೆ ಕೂತು ಚಮಚದಲ್ಲಿ ತಟ್ಟೆ ಕುಟ್ಟುತ್ತಿದ್ದರೆ ಅತ್ತಿಗೆ ಸಾರು ಬೇಕೇನೋ ಎಂದು ಬಡಿಸುತ್ತಿದ್ದರು. ಆ ತಿಂಗಳುಗಳಲ್ಲಿ ರಾಯರು ದಪ್ಪಗಾದರು. ಕೊನೆಗೆ ವಿಯು2 ಎಂದು ಶುರುವಾಗುವ ಕಾಲ್ ಸೈನ್ ಬಂತು. ಗಣಪತಿ ಪೂಜೆಯ ಸಂಕಲ್ಪದಲ್ಲಿ ಗೋತ್ರ, ನಕ್ಷತ್ರ, ರಾಶಿ ಆದಮೇಲೆ ಅದನ್ನೂ ಸೇರಿಸಿದರೆಂದು ಅವರ ಪುರೋಹಿತರೇ ನನಗೆ ಹೇಳಿದರು.

ಲೈಸೆನ್ಸು ಬಂದ ಮೇಲೆ ತಿಳಿದದ್ದು ಇನ್ನೊಂದು ಸಂಕಟ. ಹ್ಯಾಮ್ ಬ್ಯಾಂಡಿನಲ್ಲಿ ಹ್ಯಾಮ್‌ಗಳ ಜೊತೆ ಮಾತ್ರ ಮಾತಾಡಬೇಕು. ರಾಯರ ಕೈಯಲ್ಲಿ ಲೈಸೆನ್ಸಿದೆ, ಗಾಡಿಯಲ್ಲಿ ಸೆಟ್ಟಿದೆ. ಹಿಂದಿನ ಜೀಪಿನಲ್ಲಿರುವವನು ಹ್ಯಾಮ್ ಅಲ್ಲ. ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ರಾಯರು ಇಡೀ ಪಟಾಲಮ್ಮನ್ನೇ ಪರೀಕ್ಷೆಗೆ ಕೂರಿಸಿದರು. ಮನೆಯ ಹಾಲಿನಲ್ಲಿ ಟ್ಯೂಷನ್. ಓಮನ ನಿಯಮ ಒಪ್ಪಿಸಿದವರಿಗೆ ಬೋಂಡಾ. ಅತ್ತಿಗೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಬೋಂಡಾ ಕರಿಯುತ್ತಲೇ ಅಡುಗೆಮನೆಯಿಂದ ಉತ್ತರ ಕೂಗುತ್ತಿದ್ದರು. "ನೀನೂ ಬರಿ ಲಲಿತಾ" ಎಂದು ಅವರ ಫಾರ್ಮನ್ನೂ ತುಂಬಿಸಿದರು. ಎಲ್ಲರೂ ರೆಸ್ಟ್ರಿಕ್ಟೆಡ್ ಗ್ರೇಡಿನಲ್ಲಿ ಪಾಸಾಗಿ ವಿಯು3 ಆದರು. ಹೆಂಡತಿಗೆ ಪದ್ಧತಿ ಕಲಿಸಿದವರೂ ರಾಯರೇ: ಮೊದಲು ಕಾಲ್ ಸೈನ್ ಹೇಳಬೇಕು, ಮಾತು ಮುಗಿಸಿ ಉತ್ತರ ಬೇಕಿದ್ದರೆ 'ಓವರ್' ಅನ್ನಬೇಕು, ಬೇಡದಿದ್ದರೆ 'ಔಟ್', ಸಿನಿಮಾದವರು ಎರಡನ್ನೂ ಒಟ್ಟಿಗೆ ಹೇಳಿ ಹಾಳುಮಾಡಿದ್ದಾರೆ, ಎದುರಿನವರ ದನಿ ಹೇಗಿದೆಯೆಂದು ಅಂಕ ಕೊಡಬೇಕು, ಸ್ಪಷ್ಟತೆಗೆ ಐದರವರೆಗೆ, ಬಲಕ್ಕೆ ಒಂಬತ್ತರವರೆಗೆ, ಎರಡೂ ಪೂರ್ತಿ ಇದ್ದರೆ 'ಫೈವ್ ನೈನ್'. ಅಂಕ ಕೊಡುವ ಭಾಗ ಅತ್ತಿಗೆಗೆ ಬೇಗ ಬಂತು.

ಇನ್ನು ಆಂಟೆನಾ. ರಾಯರ ಬದುಕಿನ ಬಹುಪಾಲು ಹೋಗಿರುವುದು ಇಲ್ಲಿ. ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ ಮ್ಯಾಗ್ನೆಟ್ ಬುಡದ ಆಂಟೆನಾ ಕೊಟ್ಟು "ರೂಫಿನ ಮಧ್ಯಕ್ಕೆ ಅಂಟಿಸಿ ಸಾರ್, ತಗಡು ಚೆನ್ನಾಗಿ ಗ್ರೌಂಡ್ ಆಗುತ್ತೆ" ಎಂದ. ಜಿಪ್ಸಿ ಸಾಫ್ಟ್‌ಟಾಪ್. ರೂಫೆಂದರೆ ಕ್ಯಾನ್ವಾಸು. ರಾಯರು ಮಧ್ಯಕ್ಕೇ ಇಟ್ಟರು; ಅದು ಕ್ಯಾನ್ವಾಸಿನಲ್ಲಿ ಸಣ್ಣ ಹಳ್ಳ ಮಾಡಿಕೊಂಡು ಮಲಗಿತು. ಅಲ್ಲಿಂದ ಬಾನೆಟ್ಟಿಗೆ ಬಂತು, ಬಾನೆಟ್ಟಿನಿಂದ ವಿಂಡ್‌ಶೀಲ್ಡಿನ ಚೌಕಟ್ಟಿಗೆ, ಅಲ್ಲಿಂದ ಹಿಂದಿನ ಸ್ಟೆಪ್ನಿಯ ಬ್ರ್ಯಾಕೆಟ್ಟಿಗೆ. ಪ್ರತಿ ಸಲವೂ ಕೇಬಲ್ಲಿಗೆ ಹೊಸ ತೂತು. ಮಳೆಗಾಲದಲ್ಲಿ ಆ ಗಾಡಿಯಲ್ಲಿ ಕೂತರೆ ರಾಯರ ಆಂಟೆನಾ ಎಲ್ಲೆಲ್ಲಿ ಇತ್ತೆಂಬ ಇತಿಹಾಸವನ್ನು ಮೊಣಕಾಲಿನ ಮೇಲೆ ಬೀಳುವ ಹನಿಗಳಿಂದ ತಿಳಿಯಬಹುದು.

ಜಾಗ ಸರಿಹೋದ ಮೇಲೆ ಉದ್ದ. ನಮ್ಮವರು ಬಳಸುವ 145 ಮೆಗಾಹರ್ಟ್ಸಿಗೆ ಅಲೆಯ ಉದ್ದ ಎರಡು ಮೀಟರು, ಅದರ ಕಾಲು ಭಾಗ ಅಂದರೆ ಸುಮಾರು ಅರ್ಧ ಮೀಟರಿನ ಕಡ್ಡಿ ಸಾಕು. ಉದ್ದ ತಪ್ಪಿದರೆ ಸೆಟ್ಟು ಕಳಿಸಿದ ಶಕ್ತಿಯಲ್ಲಿ ಒಂದಿಷ್ಟು ಆಂಟೆನಾದಿಂದ ವಾಪಸ್ ಬರುತ್ತದೆ. ಎಷ್ಟು ಬಂತೆಂದು ನೋಡಲು ಎಸ್‌ಡಬ್ಲ್ಯುಆರ್ ಮೀಟರು. ಮುಳ್ಳು 3 ತೋರಿಸಿದರೆ ಕಾಲು ಭಾಗ ವಾಪಸ್, ಸೆಟ್ಟಿಗೂ ಒಳ್ಳೆಯದಲ್ಲ. 1.5 ತೋರಿಸಿದರೆ ನೂರಕ್ಕೆ ನಾಲ್ಕು ಮಾತ್ರ. ಕೇಳುವ ಕಿವಿಗೆ ಅದು ಗೊತ್ತೂ ಆಗುವುದಿಲ್ಲ. ರಾಯರಿಗೆ 1.5 ಬಂದ ದಿನ ನಾವೆಲ್ಲ ಚಪ್ಪಾಳೆ ಹೊಡೆದೆವು. ಅವರು ಮಗನ ಕೈಯಲ್ಲಿ ಶೇಕಡಾ ತೊಂಬತ್ತಾರರ ಅಂಕಪಟ್ಟಿ ಕಂಡ ತಂದೆಯಂತೆ ಮುಖ ಸಣ್ಣದು ಮಾಡಿಕೊಂಡು ಕಟಿಂಗ್ ಪ್ಲೇಯರ್ ಹುಡುಕಿದರು. ಒಂದು ಮಿಲಿಮೀಟರ್ ಕತ್ತರಿಸುವುದು, ಐದು ಹೆಜ್ಜೆ ಹಿಂದೆ ಸರಿಯುವುದು (ಹತ್ತಿರ ನಿಂತರೆ ಮೈಯೂ ಲೆಕ್ಕಕ್ಕೆ ಬರುತ್ತದಂತೆ), ನನ್ನ ಕೈಲಿ ಬಟನ್ ಒತ್ತಿಸುವುದು, ಮತ್ತೆ ಬಂದು ಇನ್ನೊಂದು ಮಿಲಿಮೀಟರ್. 1.3, 1.2, 1.1. ಇನ್ನೊಂದೇ ಒಂದು ಎಂದು ಕತ್ತರಿಸಿದರು. ಮುಳ್ಳು ತಿರುಗಿ ಮೇಲೇರಿತು. ಕತ್ತರಿಸಿದ್ದು ಬೆಳೆಯುವುದಿಲ್ಲ. ಮಾರನೆಯ ದಿನ ಎಸ್.ಪಿ. ರಸ್ತೆಯ ಹುಡುಗ ಇವರನ್ನು ದೂರದಿಂದಲೇ ನೋಡಿ ಕಡ್ಡಿಗಳ ಕಟ್ಟನ್ನು ಕೌಂಟರಿನ ಮೇಲಿಟ್ಟ.

ಎರಡು ಮೀಟರ್ ಬ್ಯಾಂಡು ಸಾಕೆನಿಸಲಿಲ್ಲ; ದೂರದ ಮಾತಿಗೆಂದು ಹೆಚ್‌ಎಫ್‌ನ ಹತ್ತು ಮೀಟರ್ ಬ್ಯಾಂಡಿಗೂ ಕಟ್ಟಿದರು. ಅದರ ಕಾಲು ಭಾಗವೆಂದರೆ ಎರಡೂವರೆ ಮೀಟರ್ ಉದ್ದದ ಬಾರುಕೋಲು. ಬಂಪರಿನಿಂದ ಎದ್ದ ಅದು ನೆಲಮಾಳಿಗೆಯ ಚಾವಣಿಯಲ್ಲಿ ಹಾದುಹೋದ ಪೈಪುಗಳಿಗೆಲ್ಲ ಟಣ್ ಟಣ್ ಟಣ್ ಎಂದು ಬಡಿದುಕೊಂಡು ಬರುತ್ತಿತ್ತು; ಮೂರನೇ ಮಹಡಿಯವರಿಗೂ ರಾಯರು ಆಫೀಸಿನಿಂದ ಬಂದದ್ದು ತಿಳಿಯುತ್ತಿತ್ತು. ಪೆಟ್ರೋಲ್ ಎಂಜಿನ್ನಿನ ಕಿಡಿ ಆ ಸೆಟ್ಟಿನಲ್ಲಿ ಟರ್ ಟರ್ ಎಂದು ಕೇಳಿಸುತ್ತಿದ್ದುದರಿಂದ ಗಾಡಿ ನಿಲ್ಲಿಸಿಯೇ ಮಾತಾಡಬೇಕಿತ್ತು. ಹಾಗೆ ಒಂದು ಮಧ್ಯಾಹ್ನ ಹಾಸನದಾಚೆ ರಸ್ತೆಬದಿಯಲ್ಲಿ ಎಂಜಿನ್ ಆರಿಸಿ, ಬೆವರು ಸುರಿಸುತ್ತ ಇಟಲಿಯ ಒಬ್ಬನನ್ನು ಹಿಡಿದರು. ಆ ಅಲೆ ಮೇಲಕ್ಕೇರಿ, ಅಯಾನುಗೋಳಕ್ಕೆ ಬಡಿದು, ಸಾವಿರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ನಡುವಿನ ಊರುಗಳನ್ನು ದಾಟಿ ಹಾರಿಬಿಡುತ್ತದೆ. ಇಟಲಿಯವನು ಇವರ ಹವಾಮಾನ ವಿಚಾರಿಸಿದ. ಅದೇ ಹೊತ್ತಿಗೆ ದಾರಿ ತಪ್ಪಿ ಬೇಲೂರಿನ ಕಡೆ ಹೊರಟುಹೋಗಿದ್ದ ನಮ್ಮ ಮೂರನೆಯ ಜೀಪು ಇವರಿಗೆ ಸಿಗಲೇ ಇಲ್ಲ.

ಖರ್ಚಿನ ಮಾತು ಬಂದಾಗಲೆಲ್ಲ ರಾಯರ ಬಳಿ ಒಂದು ಬ್ರಹ್ಮಾಸ್ತ್ರವಿತ್ತು: ಸುನಾಮಿ. 2004ರ ಡಿಸೆಂಬರ್ 26ರಂದು ಅಂಡಮಾನಿನಲ್ಲಿ ಫೋನುಗಳೆಲ್ಲ ಸತ್ತಾಗ, ಹ್ಯಾಮ್ ತಂಡದೊಂದಿಗೆ ಅಲ್ಲಿಗೆ ಹೋಗಿದ್ದ ಭಾರತಿ ಪ್ರಸಾದ್ ಪೋರ್ಟ್‌ಬ್ಲೇರಿನಿಂದ ತಮ್ಮ ಸೆಟ್ಟಿನಲ್ಲೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸಿದರು. ಇದು ನಿಜ, ಕೇಳಿದರೆ ಮೈ ಜುಮ್ಮೆನ್ನುವಂಥದ್ದು. ಆದರೆ ವಾಷಿಂಗ್ ಮಷೀನ್ ಕೇಳಿದ ಹೆಂಡತಿಗೆ ಅದನ್ನೇ ಹೇಳಿದರೆ?

"ಬೆಂಗಳೂರು ಸಮುದ್ರದಿಂದ ಒಂಬೈನೂರು ಮೀಟರ್ ಮೇಲಿದೆ. ಬಸವನಗುಡಿಗೆ ಸುನಾಮಿ ಯಾವತ್ತು ಬರುತ್ತೆ ಹೇಳಿ, ಅವತ್ತು ಬಟ್ಟೆ ಒಗೆಯೋದು ಬಿಡ್ತೀನಿ" ಎಂದರು ಅತ್ತಿಗೆ.

ಹೊಸ ಸೆಟ್ಟು ಬಂದದ್ದು ಇದಾದ ಮೇಲೆ. ಎರಡು ಬ್ಯಾಂಡು, ಬಣ್ಣದ ಪರದೆ, ಮುಖವನ್ನು ಬೇರೆ ಮಾಡಿ ಡ್ಯಾಶ್‌ಬೋರ್ಡಿಗೆ, ಹೊಟ್ಟೆಯನ್ನು ಸೀಟಿನ ಕೆಳಕ್ಕೆ ಹಾಕಬಹುದಾದದ್ದು. ಬ್ಯಾಟರಿಯಿಂದ ನೇರ ದಪ್ಪ ತಂತಿ, ಎರಡೂ ತಂತಿಗೆ ಫ್ಯೂಸು, ಫೈರ್‌ವಾಲ್ ತೂತಿಗೆ ರಬ್ಬರ್ ಬಳೆ. ಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. "ಎಷ್ಟಾಯ್ತು?" ಎಂದು ಅತ್ತಿಗೆ ಕೇಳಿದಾಗ "ಹದಿನೆಂಟು. ಸೆಕೆಂಡ್ ಹ್ಯಾಂಡು. ಗುರುತಿನವರು" ಎಂದು ಮೂರು ಸಣ್ಣ ವಾಕ್ಯಗಳಲ್ಲಿ ಉತ್ತರ ಕೊಟ್ಟರು. ಸಣ್ಣ ವಾಕ್ಯ ಅವರ ಸ್ವಭಾವವಲ್ಲ. ತುಂಬ ಹೊತ್ತು ಬಟನ್ ಒತ್ತಿ ಹಿಡಿದರೆ ಆ ಸೆಟ್ಟು ತಾನಾಗಿ ಮಾತು ಕತ್ತರಿಸುವ ಒಂದು ಏರ್ಪಾಡು ಇತ್ತು. ಎರಡು ಸಲ ತಮ್ಮ ಭಾಷಣ ತುಂಡಾದ ಮೇಲೆ ರಾಯರು ಮೆನುವಿನೊಳಕ್ಕೆ ಹೋಗಿ ಅದನ್ನು ಆಫ್ ಮಾಡಿದರು. ಎಲ್ಲವೂ ಬಂತು, ಮೈಕು ನೇತುಹಾಕುವ ಕೊಕ್ಕೆಯೊಂದು ಮಾತ್ರ ಬರಲಿಲ್ಲ.

ಆ ಸೆಟ್ಟಿನೊಂದಿಗೇ ಒಮ್ಮೆ ಸಕಲೇಶಪುರದ ಗೆಳೆಯರೊಬ್ಬರ ಕಾಫಿ ತೋಟಕ್ಕೆ ಹೊರಟೆವು. ಮಳೆ ಹಿಡಿದಿತ್ತು. ತೋಟದ ಒಳದಾರಿ, ಒಂದು ಗಾಡಿಯಗಲ; ಒಂದು ಪಕ್ಕ ಬರೆ, ಇನ್ನೊಂದು ಪಕ್ಕ ಇಳಿಜಾರು. ಮುಂದೆ ರಾಯರ ಜಿಪ್ಸಿ, ಪಕ್ಕದಲ್ಲಿ ನಾನು. ಅತ್ತಿಗೆ ಎರಡನೆಯ ಗಾಡಿಯಲ್ಲಿದ್ದರು, ಜಿಪ್ಸಿಯ ತಂತಿಗಳ ನಡುವೆ ಕೂತರೆ ಸೀರೆಗೆ ಉಳಿಗಾಲವಿಲ್ಲವೆಂದು. ಕೈಯಲ್ಲಿ ಅವರದೇ ಹ್ಯಾಂಡಿ ಸೆಟ್ಟು. ಬಾಲದ ಜೀಪಿನಲ್ಲಿ ನಮ್ಮ ಪಟಾಲಮ್ಮಿನ ಸಾಫ್ಟ್‌ವೇರ್ ಹುಡುಗ, ರಾಯರ ಟ್ಯೂಷನ್ನಿನ ಶಿಷ್ಯ.

"ಎಡಕ್ಕೆ ಕಲ್ಲಿದೆ. ಓವರ್."

"ಕಾಪಿ."

"ಕಲ್ಲು ದಾಟಿದೆ. ಓವರ್."

"ಕಾಪಿ."

ಇಷ್ಟಕ್ಕೇ ಇಷ್ಟೆಲ್ಲ. ಕಡಿದಾದ ಏರು ಬಂದಾಗ ರಾಯರು ಎರಡೂ ಕೈ ಸ್ಟಿಯರಿಂಗಿಗೆ ಬೇಕೆಂದು ಮೈಕನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡರು. ಏರು ಹತ್ತಿ ಖುಷಿಯಾಗಿ ಮಾತಿಗಿಳಿದರು. "ನಿಮ್ ಹತ್ರ ಹೇಳೋಕೇನು, ಹದಿನೆಂಟು ಎಲ್ಲಿ ಬರುತ್ತೆ ಮಾರಾಯ್ರೆ? ಐವತ್ತೆಂಟಾಯ್ತು, ಆಂಟೆನಾ ಬೇರೆ. ವಾಷಿಂಗ್ ಮಷೀನ್ ದೀಪಾವಳಿ ಆಫರ್‌ನಲ್ಲಿ ನೋಡೋಣ ಅಂದಿದೀನಿ. ದೀಪಾವಳಿ ಹೊತ್ತಿಗೆ ಯುಗಾದಿ ಅಂದ್ರಾಯ್ತು. ಅಷ್ಟರೊಳಗೆ ಹೆಚ್‌ಎಫ್‌ಗೂ ಒಂದು ಹೊಸದು..."

ಹಿಂದಿನಿಂದ ಹಾರನ್ ಶುರುವಾಯಿತು. "ನೋಡಿ, ರೇಡಿಯೋ ಇದ್ರೂ ಹಾರನ್ ಹೊಡೀತಾರೆ. ಶಿಸ್ತೇ ಇಲ್ಲ" ಎಂದರು. ಒತ್ತಿಕೊಂಡಿರುವಷ್ಟು ಹೊತ್ತು ಈ ಸೆಟ್ಟು ಹೇಳುತ್ತದೆಯೇ ಹೊರತು ಕೇಳಿಸಿಕೊಳ್ಳುವುದಿಲ್ಲ. ಹಾಗಾಗಿ ಹಿಂದಿನವರು ಬಾಯಿ ಬಡಿದುಕೊಂಡರೂ ನಮಗೆ ತಿಳಿಯುವಂತಿರಲಿಲ್ಲ. ಪರದೆಯ ಕೆಂಪು ದೀಪದ ಮೇಲೆ ನನ್ನ ಒದ್ದೆ ಟೋಪಿ ನೇತಾಡುತ್ತಿತ್ತು. ದಾರಿ ಒಂದೇ ಗಾಡಿಯದು, ಮುಂದೆ ಬರಲೂ ಆಗದು. ರಾಯರು ಹೆಚ್‌ಎಫ್ ಸೆಟ್ಟಿನ ಬೆಲೆ, ಬ್ರ್ಯಾಂಡು, ಅದನ್ನು ಅಡ್ಡದಾರಿಯಲ್ಲಿ ಆಫೀಸಿನ ವಿಳಾಸಕ್ಕೆ ತರಿಸುವ ಉಪಾಯ, ಎಲ್ಲವನ್ನೂ ಸಾವಕಾಶವಾಗಿ ವಿವರಿಸಿದರು.

ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, ಕಾಲು ಅಲ್ಲಾಡಿಸಿ, ಮೈಕು ಎಳೆದರು. ಬಟನ್ ಬಿಟ್ಟ ಮರುಕ್ಷಣವೇ ಸೆಟ್ಟು ಮಾತಾಡಿತು. ಮೊದಲು ಕಾಲ್ ಸೈನ್, ಒಂದೊಂದೇ ಅಕ್ಷರ ಬಿಡಿಸಿ, ಅಟೆಂಡೆನ್ಸ್ ಕೂಗುವ ದನಿಯಲ್ಲಿ. ಆಮೇಲೆ:

"ಐವತ್ತೆಂಟರಲ್ಲಿ ಹದಿನೆಂಟು ಹೋದ್ರೆ ನಲವತ್ತು. ಕಾಪಿ ಆಯ್ತು ರೀ. ದೀಪಾವಳಿಗೆ ಅಂತ ಹೇಳಿದ್ದೂ ಕಾಪಿ ಆಯ್ತು. ಓವರ್."

ರಾಯರು ಮೈಕನ್ನು ಬಾಯಿಯಿಂದ ಸಾಕಷ್ಟು ದೂರ ಹಿಡಿದು, ಬಟನ್ನನ್ನು ಅಷ್ಟಷ್ಟೇ ಒತ್ತಿ ಬಿಟ್ಟು ಮಾಡುತ್ತ, "ಲಲಿ... ಸಿಗ್ನಲ್ ಬ್ರೇಕ್... ನೆಗೆಟಿವ್ ಕಾಪಿ... ಮಧ್ಯ ಗುಡ್ಡ..." ಎಂದರು.

ಬಾಲದ ಜೀಪಿನ ಹುಡುಗ ಕಲಿತ ಪಾಠವನ್ನು ಮರೆಯುವವನಲ್ಲ. "ಸಾರ್, ಗುಡ್ಡ ಏನೂ ಇಲ್ಲ, ಮೇಡಂ ನಿಮ್ ಹಿಂದುಗಡೆನೇ ಇದಾರೆ. ಅವರ ಸಿಗ್ನಲ್ ಫೈವ್ ನೈನ್ ಸಾರ್. ಓವರ್."