ಹತ್ತನೆತ್ತೆ ಸಾಹೇಬರು

ರೋಣಕ್ಕೊಬ್ಬರು ತಹಶೀಲ್ದಾರರು, ನರಗುಂದಕ್ಕೊಬ್ಬರು. ತಾಲೂಕಾದ ಮೇಲೆ ಗಜೇಂದ್ರಗಡಕ್ಕೂ ಒಬ್ಬರು ಬಂದರು. ಅವರು ಓಣಿಯೊಳಗೆ ಹಾದುಹೋದರೆ ಕಟ್ಟೆಯ ಮೇಲಿನ ಮಂದಿ ಚಾಚಿದ ಕಾಲು ಮಡಚುವುದೂ ಅನುಮಾನ. ಅದೇ ಓಣಿಯ ಹುಡುಗನೊಬ್ಬ ಹತ್ತನೆತ್ತೆಗೆ ಬಂದ ಅನ್ನಿ. ಅವ್ವ ಧಾರಾವಾಹಿಯ ದನಿ ಇಳಿಸುತ್ತಾಳೆ, ಅಪ್ಪ ಚಪ್ಪಲಿ ಹೊರಗೇ ಕಳಚಿ ಕಳ್ಳಹೆಜ್ಜೆ ಇಟ್ಟು ಒಳಗೆ ಬರುತ್ತಾನೆ, ಪಡಸಾಲೆಯ ಅಜ್ಜ ಬಂದ ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ‘ಸುಮ್ನಿರ್ರಿ, ಹುಡುಗ ಓದಾಕತ್ತಾನ.’ ಹುಡುಗ ಒಳಗೆ ಸಮಾಜ ವಿಜ್ಞಾನದ ಪುಸ್ತಕ ತೆರೆದು, ಅದರ ನಡುವೆ ಅಪ್ಪನದೇ ಮೊಬೈಲು ಇಟ್ಟು, ಧೋನಿ ಎಂದೋ ಹೊಡೆದ ಸಿಕ್ಸರನ್ನು ಮತ್ತೊಮ್ಮೆ ಮನನ ಮಾಡುತ್ತಿರುತ್ತಾನೆ.

ಇನ್ನು ಇವರನ್ನು ಏಕವಚನದಲ್ಲಿ ಕರೆದರೆ ನಮಗೇ ಶೋಭೆಯಲ್ಲ. ಸಾಹೇಬರು ಅನ್ನೋಣ.

ಹೈಸ್ಕೂಲಿನಲ್ಲಿ ಎಂಟನೆತ್ತೆಯವನು ಹೊಸಬ, ಒಂಬತ್ತನೆತ್ತೆಯವನು ಲೆಕ್ಕಕ್ಕೇ ಇಲ್ಲದವ. ಜೂನ್ ತಿಂಗಳಿನಲ್ಲಿ ಶಾಲೆ ಬಾಗಿಲು ತೆರೆದು, ಮೇಲಿನ ಬ್ಯಾಚು ಖಾಲಿಯಾಗಿದೆ ಎಂದು ಖಾತ್ರಿಯಾದ ಗಳಿಗೆಯಿಂದ ಸಾಹೇಬರ ನಡಿಗೆ ಬದಲಾಗುತ್ತದೆ. ನಿನ್ನೆಯ ತನಕ ಓಡಿಬರುತ್ತಿದ್ದವರು ಈಗ ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ನಡೆದು ಬರುತ್ತಾರೆ. ಕಡೇ ಬೆಂಚು ಅವರದು. ಬೇವಿನ ಗಿಡದ ನೆರಳೂ ಅವರದೇ. 2006-07ರಿಂದ ಸರ್ಕಾರ ಎಂಟನೆತ್ತೆಯವರಿಗೆ ಸೈಕಲ್ ಕೊಡುತ್ತಿದ್ದ ಕಾಲದಲ್ಲಿ, ಹತ್ತನೆತ್ತೆ ಮುಟ್ಟುವ ಹೊತ್ತಿಗೆ ಆ ಸೈಕಲ್ಲಿಗೆ ಬೆಲ್ಲೂ ಉಳಿದಿರುತ್ತಿರಲಿಲ್ಲ, ಬ್ರೇಕೂ ಉಳಿದಿರುತ್ತಿರಲಿಲ್ಲ. ಆದರೂ ನೆರಳು ಅದಕ್ಕೇ. ಪ್ಲಾಸ್ಟಿಕ್ ಹಾಳೆ ಬಿಚ್ಚದ ಹೊಸ ಸೈಕಲ್ಲುಗಳು ಬಿಸಿಲಿನಲ್ಲಿ ಬೇಯುತ್ತಿದ್ದವು. ಸರ್ಕಾರದ ಸೈಕಲ್ ನಿಂತುಹೋಯಿತು, ನೆರಳಿನ ಹಕ್ಕು ನಿಲ್ಲಲಿಲ್ಲ. ಅಮೆರಿಕದ ಕೆಲವು ಹೈಸ್ಕೂಲುಗಳಲ್ಲಿ ಕಡೇ ವರ್ಷದವರು ಕಾರು ನಿಲ್ಲಿಸುವ ಜಾಗಕ್ಕೆ ತಂತಮ್ಮ ಹೆಸರು ಬರೆದು ಬಣ್ಣ ಬಳಿದುಕೊಳ್ಳುವ ಪದ್ಧತಿ ಇದೆಯಂತೆ. ನಮ್ಮಲ್ಲಿ ಬಣ್ಣದ ಖರ್ಚಿಲ್ಲ, ಒಮ್ಮೆ ಗುರಾಯಿಸಿದರೆ ಸಾಕು.

ಶಾಲಾ ಸಂಸತ್ತಿನಲ್ಲಿ ಪ್ರಧಾನಮಂತ್ರಿ ಪದವಿ ಸಾಹೇಬರಿಗೇ. ಒಂಬತ್ತನೆತ್ತೆಯವರಿಗೆ ಬಹಳವಾಯಿತೆಂದರೆ ಸ್ವಚ್ಛತಾ ಖಾತೆ, ಅಂದರೆ ಕಸಬರಿಗೆ. ಬಿಸಿಯೂಟದಲ್ಲಿ ಸಾರಿನ ಸೌಟು ಹಿಡಿಯುವವರು ಸಾಹೇಬರು. ಬೇಳೆ ತಳದಲ್ಲಿರುತ್ತದೆಂಬ ಜ್ಞಾನವನ್ನು ಅವರು ಗೆಳೆಯರ ತಾಟು ಬಂದಾಗ ಮಾತ್ರ ಬಳಸುತ್ತಾರೆ. ಸಿಪಾಯಿ ರಜೆ ಹಾಕಿದ ದಿನ ಗಂಟೆ ಹೊಡೆಯುವವರೂ ಅವರೇ. ಆ ದಿನ ಗಣಿತದ ಪಿರಿಯಡ್ ಸಣ್ಣದಾಗಿ, ಆಟದ ಪಿರಿಯಡ್ ಬೆಳೆದಿರುತ್ತದೆ. ಹೆಡ್‌ಮಾಸ್ತರರು ತಮ್ಮ ಕೈಗಡಿಯಾರವೇ ಕೆಟ್ಟಿರಬೇಕೆಂದು ಅದನ್ನು ಕಿವಿಗೆ ಹಿಡಿದು ನೋಡುತ್ತಾರೆ.

ಆದರೆ ನಿಜವಾದ ಅಧಿಕಾರ ಥರ್ಮಾಸಿನದು. ಮಾಸ್ತರ ಮಂದಿಗೆ ಚಾ ತರುವ ನೆಪದಲ್ಲಿ ಪಾಠ ನಡೆದಿರುವಾಗಲೇ ಗೇಟು ದಾಟುವ ಪರವಾನಗಿ ಹತ್ತನೆತ್ತೆಯವರಿಗಲ್ಲದೆ ಬೇರೆ ಯಾರಿಗೂ ಇಲ್ಲ. ಸಾಹೇಬರು ನೆಟ್ಟಗೆ ಗೇಟಿಗೆ ಹೋಗುವುದಿಲ್ಲ. ಥರ್ಮಾಸನ್ನು ಬೆರಳಿಗೆ ಸಿಗಿಸಿ, ಎಂಟನೆತ್ತೆಯ ಕಿಟಕಿ, ಒಂಬತ್ತನೆತ್ತೆಯ ಕಿಟಕಿ, ಆಮೇಲೆ ಕಾರಣವೇ ಇಲ್ಲದೆ ಹುಡುಗಿಯರ ಸಾಲಿನ ಕಿಟಕಿ, ಹೀಗೆ ಪ್ರದಕ್ಷಿಣೆ ಹಾಕಿ ಹೊರಬೀಳುತ್ತಾರೆ. ಹೋಟೆಲಿನಲ್ಲಿ ಒಂದು ತಾಟು ಗಿರ್ಮಿಟ್ಟು, ಮೇಲೆ ಎರಡು ಮಿರ್ಚಿ ಭಜಿ, ಆಮೇಲೆ ಇನ್ನೂ ಮೂಡದ ಮೀಸೆಯನ್ನು ಒರೆಸಿಕೊಳ್ಳುವ ಶಾಸ್ತ್ರ. ಚಾ ಸ್ಟಾಫ್ ರೂಮು ಮುಟ್ಟುವಾಗ ಶರಬತ್ತಾಗಿರುತ್ತದೆ.

‘ಯಾಕಪಾ, ತಣ್ಣಗಾಗೇತಲ್ಲ?’

‘ಗಿರಾಕಿ ಭಾಳ ಇದ್ರ್ರಿ ಸರ್.’

ಬಾಯಿಂದ ಬರುವ ಹಸಿಮೆಣಸಿನಕಾಯಿಯ ಘಾಟು ಗಿರಾಕಿ ಯಾರೆಂಬುದನ್ನು ಹೇಳುತ್ತಿರುತ್ತದೆ. ಮಾಸ್ತರರು ತಾವೂ ಒಮ್ಮೆ ಹತ್ತನೆತ್ತೆ ಓದಿದವರಾದ್ದರಿಂದ ಮಾತು ಬೆಳೆಸುವುದಿಲ್ಲ.

ನರಗುಂದದ ಕಡೆ ಆಗಸ್ಟ್ 15ಕ್ಕೆ ರೂಪಕ ಅಂದರೆ ಬಾಬಾಸಾಹೇಬರದೇ ಆಗಬೇಕು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಆ ದೊರೆಯ ಪಾತ್ರ, ಪೇಟ, ಕತ್ತಿ ಎಲ್ಲವೂ ಹತ್ತನೆತ್ತೆಗೆ ಮೀಸಲು. ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನ ಪಾತ್ರ ಒಂಬತ್ತನೆತ್ತೆಯವನಿಗೆ. ಇತಿಹಾಸದಲ್ಲಿ ಮ್ಯಾನ್ಸನ್‌ನ ರುಂಡ ನರಗುಂದದ ಅಗಸಿಗೆ ತೂಗಿದ್ದು ಎಲ್ಲರಿಗೂ ಗೊತ್ತು. ಹಾಗಾಗಿ ಆ ಪಾತ್ರಕ್ಕೆ ಯಾವ ಒಂಬತ್ತನೆತ್ತೆಯವನೂ ತಾನಾಗಿ ಕೈ ಎತ್ತುವುದಿಲ್ಲ, ಹಿಡಿದು ತರಬೇಕಾಗುತ್ತದೆ. ರಟ್ಟಿನ ಕತ್ತಿಯೇ ಆದರೂ ಸಾಹೇಬರು ಹಿಂದಿನ ಕ್ರಿಕೆಟ್ ಜಗಳದ ಬಾಕಿಯನ್ನೆಲ್ಲ ಅದರಲ್ಲೇ ಚುಕ್ತಾ ಮಾಡಿಕೊಳ್ಳುತ್ತಾರೆ. ಬಾಬಾಸಾಹೇಬರು ಮುಂದೆ ಬೆಳಗಾವಿಯಲ್ಲಿ ಗಲ್ಲಿಗೇರಿದರಲ್ಲ, ಆ ದೃಶ್ಯವನ್ನು ಮಾತ್ರ ಸಮಯದ ಅಭಾವದಿಂದ ಪ್ರತಿ ವರ್ಷ ಕೈಬಿಡಲಾಗುತ್ತದೆ.

ಇದೆಲ್ಲ ಶಾಲೆಯ ದರ್ಬಾರು. ಮನೆಯ ದರ್ಬಾರು ಶುರುವಾಗುವುದು ಸಂಕ್ರಾಂತಿ ಕಳೆದ ಮೇಲೆ, ಎರೆಹೊಲದಲ್ಲಿ ಕಡ್ಲಿ ಒಣಗಿ ನಿಂತಾಗ. ಕಡ್ಲಿ ಕೀಳುವುದು ಇಬ್ಬನಿ ಆರುವ ಮೊದಲೇ ಆಗಬೇಕು. ಬಿಸಿಲೇರಿತೋ, ಕಾಯಿ ಉದುರಿ ನೆಲದ ಪಾಲು. ಅದಕ್ಕೆ ಮನೆಮಂದಿಯೆಲ್ಲ ನಸುಕಿನ ನಾಲ್ಕಕ್ಕೇ ಎದ್ದು, ತಲೆಗೆ ಟವೆಲ್ ಸುತ್ತಿ ಹೊಲಕ್ಕೆ ಹೊರಡುತ್ತಾರೆ. ಗಿಡದ ಹುಳಿ ಹತ್ತಿ ಬೆರಳು ಬಿರಿಯುತ್ತವೆ, ಸೊಂಟ ನೆಟ್ಟಗಾಗುವುದಿಲ್ಲ. ನಸುಕಿನ ನಾಲ್ಕಕ್ಕೆ ಓದಿದ್ದು ತಲೆಗೆ ಹತ್ತುತ್ತದೆಂದು ಮಾಸ್ತರರು ಜೂನ್‌ನಿಂದ ಹೇಳುತ್ತಲೇ ಇದ್ದರು. ಸಾಹೇಬರಿಗೆ ಆ ಮಾತು ನೆನಪಾಗುವುದು ಕಡ್ಲಿ ಸುಗ್ಗಿಯಲ್ಲೇ. ‘ನೀ ಬ್ಯಾಡಪಾ, ನೀ ಓದಕೋ’ ಎಂದು ಅವ್ವ ದೀಪ ಹಾಕಿ, ಚಾ ಇಟ್ಟು ಹೋಗುತ್ತಾಳೆ. ಚಕ್ಕಡಿ ಅಗಸಿ ದಾಟುವ ಮೊದಲೇ ದೀಪ ಆರಿರುತ್ತದೆ. ಗಜೇಂದ್ರಗಡದ ಮಗ್ಗದ ಮನೆಗಳಲ್ಲಿ ಕಂಡಿಕೆ ಸುತ್ತುವ ಕೆಲಸಕ್ಕೂ ಇದೇ ವಿನಾಯಿತಿ. ಹತ್ತನೆತ್ತೆ ಹುಡುಗನೆಂದರೆ ದ್ಯಾವರ ಹೆಸರಿಗೆ ಬಿಟ್ಟ ಗೂಳಿ: ಯಾರ ಹೊಲದಲ್ಲಿ ಮೇಯ್ದರೂ ಹೊಡೆಯುವ ಹಾಗಿಲ್ಲ.

ಇಷ್ಟಾಗಿಯೂ ಆ ಮನೆಯಲ್ಲೇ ಇನ್ನೊಬ್ಬ ಹತ್ತನೆತ್ತೆಯವಳು ಇರುತ್ತಾಳೆ, ಕಾಕಾನ ಮಗಳು. ಅದೇ ಶಾಲೆ, ಅದೇ ಪುಸ್ತಕ, ಅದೇ 625 ಅಂಕಗಳ ಪರೀಕ್ಷೆ. ಇವಳಿಗೆ ಯಾರೂ ದೀಪ ಹಾಕಿ ಹೋಗುವುದಿಲ್ಲ, ಕಡ್ಲಿಗೆ ಹೋದವರ ಬುತ್ತಿಗೆ ಇವಳೇ ರೊಟ್ಟಿ ಬಡಿಯಬೇಕು. ಒಲೆಯ ಹಿಂದಿನ ಗೋಡೆಗೆ ಅನ್ನದ ಅಗುಳಿನಿಂದ ಅಂಟಿಸಿದ ಪೈಥಾಗೊರಸ್ ಪ್ರಮೇಯ ಹೊಗೆ ಹಿಡಿದು ಕಂದಾಗಿದೆ. ದತ್ತ, ಸಾಧನೀಯ, ರಚನೆ, ಸಾಧನೆ, ಒಂದೊಂದಕ್ಕೆ ಒಂದೊಂದು ರೊಟ್ಟಿ ಹಂಚಿನ ಮೇಲೆ ಬೀಳುತ್ತದೆ. ಇವಳ ನೋಟ್ಸನ್ನು ಸಾಹೇಬರು ಝೆರಾಕ್ಸ್ ಮಾಡಿಸಲು ಒಯ್ಯುತ್ತಾರೆ. ಅಂಗಡಿಯವನು ಹಾಳೆ ಝಾಡಿಸಿ, ‘ಏನೋ ಇದು, ಜ್ವಾಳದ ಹಿಟ್ಟು?’ ಎನ್ನುತ್ತಾನೆ. ರಾಜ್ಯದ ಫಲಿತಾಂಶ ಬಂದ ವರ್ಷ ವರ್ಷವೂ ಪತ್ರಿಕೆಗಳು ‘ಬಾಲಕಿಯರದೇ ಮೇಲುಗೈ’ ಎಂಬ ತಲೆಬರಹವನ್ನು ಅಚ್ಚಿನ ಮನೆಯಲ್ಲಿ ಕಾಯಂ ಜೋಡಿಸಿ ಇಟ್ಟುಕೊಂಡಂತೆ ಹಾಕುತ್ತವೆ. ವಿನಾಯಿತಿಯೆಲ್ಲ ಒಬ್ಬರಿಗೆ, ಅಂಕವೆಲ್ಲ ಇನ್ನೊಬ್ಬರಿಗೆ. ನಮ್ಮ ಸೀಮೆಯಲ್ಲಿ ಇದನ್ನು ಯಾರೂ ಕೂಡಿಸಿ ನೋಡುವ ಉಸಾಬರಿಗೆ ಹೋಗಿಲ್ಲ.

ಸರ್ಕಾರವೂ ಸಾಹೇಬರ ಸೇವೆಗೆ ಇಳಿಯುತ್ತದೆ. ಫಲಿತಾಂಶ ಕುಸಿದರೆ ಬಿಇಒ ಆಫೀಸಿನಿಂದ ನೋಟಿಸು ಬರುವುದು ಮಾಸ್ತರರಿಗೇ ಹೊರತು ಸಾಹೇಬರಿಗಲ್ಲವಲ್ಲ. ಹಾಗಾಗಿ ಒಬ್ಬೊಬ್ಬ ಮಾಸ್ತರರು ಐದಾರು ಹುಡುಗರನ್ನು ‘ದತ್ತು’ ತೆಗೆದುಕೊಳ್ಳುತ್ತಾರೆ. ದತ್ತುಪುತ್ರರಾದ ಸಾಹೇಬರನ್ನು ನಸುಕಿಗೆ ಫೋನ್ ಮಾಡಿ ಎಬ್ಬಿಸುವುದು ಪಿತೃಕರ್ತವ್ಯ.

‘ಎದ್ದೀಯೇನೋ?’

‘ಎದ್ದೇನ್ರಿ ಸರ್.’ ದನಿ ಕಂಬಳಿಯೊಳಗಿನದು.

‘ಎಲ್ಲಿ, ಏನ್ ಓದಾಕತ್ತಿ? ಓದಿ ತೋರ್ಸು.’

‘ದ್ಯುತಿಸಂಶ್ಲೇಷಣೆ ಎಂದರೆ ಹಸಿರು ಸಸ್ಯಗಳು ಸೂರ್ಯನ ಬೆಳಕಿನ...’

ಜನವರಿಯಿಂದ ಮಾರ್ಚ್‌ವರೆಗೆ ಸಾಹೇಬರು ಈ ಒಂದೇ ವಾಕ್ಯವನ್ನು ಓದುತ್ತಾರೆ. ಸೂರ್ಯನ ಬೆಳಕಿನ ಮುಂದೆ ಏನಾಗುತ್ತದೆಂದು ಮಾಸ್ತರರೂ ಕೇಳಿಲ್ಲ; ಅವರು ಇನ್ನೂ ನಾಲ್ವರು ಪುತ್ರರಿಗೆ ಫೋನ್ ಹಚ್ಚಬೇಕಾಗಿರುತ್ತದೆ. ಸಂಜೆ ವಿಶೇಷ ತರಗತಿ, ರಾತ್ರಿ ಗುಂಪು ಅಧ್ಯಯನ, ಕೈಯಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ತೆಳ್ಳನೆಯ ಹೊತ್ತಿಗೆ. ನಕ್ಷೆ ಬರೆದರೆ ಇಷ್ಟು, ಪತ್ರ ಬರೆದರೆ ಇಷ್ಟು, ಕಂಠಪಾಠದ ಪದ್ಯಕ್ಕೆ ಇಷ್ಟು ಎಂದು ದಡ ಮುಟ್ಟುವ ಲೆಕ್ಕ ಅದರಲ್ಲಿದೆ. ಸಾಹೇಬರು ಅದನ್ನೂ ಸಂಕ್ಷೇಪಿಸಿ ಅಂಗೈ ಮೇಲೆ ಬರೆದುಕೊಳ್ಳುತ್ತಾರೆ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮುಗ್ಗರಿಸಿದಾಗ ಸಾಹೇಬರು ತಾಲೂಕಿನ ಹೆಮ್ಮೆಯನ್ನೇ ಅಡ್ಡ ಹಿಡಿದದ್ದುಂಟು. ‘ನಮ್ಮ ರೋಣದಾಗ ಹುಟ್ಟಿದ ಭೀಮಸೇನ ಜೋಶಿಯವ್ರು ಹನ್ನೊಂದು ವರ್ಷಕ್ಕ ಮನಿ ಬಿಟ್ಟು ಗುರುವನ್ನ ಹುಡಿಕ್ಕೋಂತ ಹೋಗಿದ್ರಂತ. ಅವರಪ್ಪ ಸ್ವತಃ ಮಾಸ್ತರ್ರು.’ ಅಪ್ಪ ಬೀಡಿ ಹಚ್ಚುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ‘ನೀನೂ ಹೋಗಪಾ. ನಿನ್ನ ಹಾಡು ಕೇಳಿ ಎಮ್ಮಿ ಹಾಲು ಏರ್ಸಿದಾಗಿಂದ ನಾನೂ ಅದನ್ನ ಅಂತೀನಿ.’ ಆಗ ಮಧ್ಯೆ ಬಾಯಿ ಹಾಕಿದವನು ಸಾಹೇಬರ ಅಣ್ಣ. ಇವನು ಕೊರೋನಾ ಬ್ಯಾಚು. 2021ರ ಜುಲೈನಲ್ಲಿ ಎರಡೇ ದಿನ, ದಿನಕ್ಕೆ ಮೂರು ವಿಷಯದಂತೆ, ಸರಿ ಉತ್ತರದ ಗುಂಡಿಯನ್ನು ಪೆನ್ನಿನಿಂದ ತುಂಬಿ ಬಂದವನು. ಆ ವರ್ಷ ಹೆಚ್ಚುಕಡಿಮೆ ಬರೆದವರೆಲ್ಲ ಪಾಸು. ಅಂಥವನು ಪರಿಶ್ರಮದ ಮಹತ್ವದ ಬಗ್ಗೆ ಅರ್ಧ ತಾಸು ಮಾತಾಡಿದ.

ಫೆಬ್ರುವರಿ, ಮಾರ್ಚ್ ಅಂದರೆ ಬೀಳ್ಕೊಡುವ ಸಮಾರಂಭ. ಶಾಲೆಗೆ ಏನು ಕಾಣಿಕೆ ಕೊಡಬೇಕೆಂಬ ಚರ್ಚೆ ಹುಡುಗರಿಗೂ ಹುಡುಗಿಯರಿಗೂ ನಡುವೆ ವಾರಗಟ್ಟಲೆ ನಡೆಯುತ್ತದೆ. 1787ರಲ್ಲಿ ಟಿಪ್ಪೂವಿಗೂ ಮರಾಠರಿಗೂ ರಾಜಿಯಾದದ್ದು ಗಜೇಂದ್ರಗಡದಲ್ಲಿ. ಅದು ಕೂಡ ಇದಕ್ಕಿಂತ ಸಲೀಸಾಗಿ ಮುಗಿದಿರಬೇಕು. ಹುಡುಗಿಯರು ಕುಡಿಯುವ ನೀರಿನ ಫಿಲ್ಟರ್ ಅಂದರು. ಸಾಹೇಬರು ಗೋಡೆ ಗಡಿಯಾರ ಅಂದರು, ಯಾಕೆಂದರೆ ಅದರ ಮೇಲೆ ಹೆಸರು ಹಾಕಿಸಿದರೆ ಎಲ್ಲರಿಗೂ ಕಾಣುತ್ತದೆ. ಕಡೆಗೆ ಕಬ್ಬಿಣದ ಕಪಾಟಿಗೆ ಒಪ್ಪಂದವಾಯಿತು. ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಎಸ್ಸೆಸ್ಸೆಲ್ಸಿ ವಿದ್ಯಾರ್ಥಿ ಬಳಗದಿಂದ ಪ್ರೀತಿಯ ಕಾಣಿಕೆ’ ಎಂದು ಬರೆಸುವಾಗ ಪೇಂಟರ್ ಅಕ್ಷರಕ್ಕಿಷ್ಟು ಅಂದ. ಹಣ ‘ಪ್ರೀತಿಯ’ ತನಕ ಸಾಕಾಯಿತು. ‘ಕಾಣಿಕೆ’ ಎಂಬುದನ್ನು ಸಾಹೇಬರೇ ಸ್ವಹಸ್ತದಿಂದ ಬರೆದರು, ಅದು ‘ಕಾಣಿಕ’ ಆಗಿ ಉಳಿದಿದೆ. ಆ ಕಪಾಟಿನೊಳಗೆ ಹಳೆಯ ಬ್ಯಾಚುಗಳು ಕೊಟ್ಟು ನಿಂತುಹೋದ ಗಡಿಯಾರಗಳನ್ನು ಇಡಲಾಗಿದೆ.

ಸಮಾರಂಭದಲ್ಲಿ ಸಾಹೇಬರು ಅನಿಸಿಕೆ ಹೇಳಲು ನಿಂತರು. ‘ಈ ಶಾಲೆ ನನಗ ಎಲ್ಲಾ ಕೊಟ್ಟೈತಿ’ ಎನ್ನುವಷ್ಟರಲ್ಲಿ ಗಂಟಲು ಕಟ್ಟಿತು. ವರ್ಷವಿಡೀ ಮ್ಯಾನ್ಸನ್ ಆಗಿ ಪೆಟ್ಟು ತಿಂದ ಒಂಬತ್ತನೆತ್ತೆಯವನು ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದ. ಅವನ ಕಣ್ಣು ಕಡೇ ಬೆಂಚಿನ ಮೇಲಿತ್ತು. ಆಮೇಲೆ ಉಪ್ಪಿಟ್ಟು, ಶಿರಾ, ಗ್ರೂಪ್ ಫೋಟೊ, ಬಿಳಿ ಅಂಗಿಗಳ ಮೇಲೆ ಪೆನ್ನಿನ ಸಹಿ. ಇವರೇ ಇಪ್ಪತ್ತೈದು ವರ್ಷದ ಮೇಲೆ ವಾಟ್ಸಾಪ್ ಗ್ರೂಪ್ ಕಟ್ಟಿ ‘ಗುರುವಂದನೆ’ ಅಂತ ತಿರುಗಿ ಬರುತ್ತಾರೆ. ನಿವೃತ್ತ ಮಾಸ್ತರರನ್ನು ಅಲಂಕರಿಸಿದ ಚಕ್ಕಡಿಯಲ್ಲಿ ಕೂರಿಸಿ, ಹೂ ಎರಚಿ, ಶಾಲು ಹೊದಿಸಿ, ತಾವು ಅಂದು ತಿಂದ ಬಡಿಗೆ ಏಟಿನ ಮಹಿಮೆಯನ್ನು ಮೈಕಿನಲ್ಲಿ ಹಾಡುತ್ತಾರೆ. ಅಂದು ಥರ್ಮಾಸ್ ಹಿಡಿದವರೇ ಇಂದೂ ಚಾದ ಉಸ್ತುವಾರಿ.

ಪರೀಕ್ಷೆ ಬಂತೆಂದರೆ ವೈಭವದ ತುತ್ತತುದಿ. ಹಾಲ್ ಟಿಕೆಟ್ಟು ಮೊದಲು ದೇವರಿಗೆ: ಗಜೇಂದ್ರಗಡದವರದು ಕಾಲಕಾಲೇಶ್ವರನ ಮೆಟ್ಟಿಲು ಹತ್ತಿ, ಇಟಗಿ ಕಡೆಯವರದು ಭೀಮಾಂಬಿಕೆಯ ಪಾದಕ್ಕೆ. ಕುಂಕುಮ ಬಿದ್ದು ನೋಂದಣಿ ಸಂಖ್ಯೆಯೇ ಕಾಣದಂತಾಗಿರುತ್ತದೆ. ಅದನ್ನೇ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಪುಕ್ಕಟೆ ಪ್ರಯಾಣ. ‘ಪಾಸ್ ಎಲ್ಲಿ?’ ಎಂದು ವರ್ಷವಿಡೀ ಕಾಡಿದ ಕಂಡಕ್ಟರೇ ‘ಚೊಲೋ ಬರೀಪಾ’ ಎಂದು ಸೀಟು ಬಿಡಿಸಿ ಕೊಡುತ್ತಾನೆ. ಸಾಹೇಬರ ಪ್ರಶ್ನೆಪತ್ರಿಕೆ ಪೊಲೀಸ್ ಕಾವಲಿನಲ್ಲಿ ಖಜಾನೆಯಲ್ಲಿರುತ್ತದೆ. ಅವರು ಬರೆಯುವ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ. ಝೆರಾಕ್ಸ್ ಅಂಗಡಿ ಬಂದ್. ಮಂತ್ರಿಗಳು ಬಂದಾಗಲೂ ತೆರೆದಿರುವ ಅಂಗಡಿಯದು. ಹಿಟ್ಟಿನ ಕೈಯವಳು ಅದೇ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬರೆದು, ಮನೆಗೆ ಹೋಗಿ ಸಂಜೆಯ ರೊಟ್ಟಿಗೆ ಎಸರಿಟ್ಟಳು.

ಮೊದಲೆಲ್ಲ ಪರೀಕ್ಷೆ ಮುಗಿದ ಸಂಜೆಯೇ ಪಟ್ಟ ಹೋಗುತ್ತಿತ್ತು. ಮರುದಿನ ಸಗಣಿ ಬುಟ್ಟಿ ಕೈಗೆ ಬರುತ್ತಿತ್ತು. 2024ರಲ್ಲಿ ಬೋರ್ಡಿನವರು ವರ್ಷಕ್ಕೆ ಮೂರು ಪರೀಕ್ಷೆ ಮಾಡಿದರು: ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3. ಮಕ್ಕಳಿಗೆ ಅವಕಾಶ ಸಿಗಲಿ, ಒಂದು ವರ್ಷ ಹಾಳಾಗದಿರಲಿ ಎಂಬುದು ಅದರ ಉದ್ದೇಶ, ಒಳ್ಳೆಯದೇ. ಆದರೆ ಸಾಹೇಬರು ಅದನ್ನು ಅಧಿಕಾರಾವಧಿ ವಿಸ್ತರಣೆ ಎಂದು ಓದಿಕೊಂಡರು. ಮೊದಲನೆಯದರಲ್ಲಿ ಗಣಿತ, ವಿಜ್ಞಾನ ಉಳಿದವು. ಮುಂಗಾರಿಗೆ ಹೊಲ ಹಸನು ಮಾಡಲು ಅಪ್ಪ ಕರೆದಾಗ ‘ಪರೀಕ್ಷೆ-2 ಐತಲ್ಲ’ ಎಂದರು. ಅದರಲ್ಲಿ ವಿಜ್ಞಾನ ದಾಟಿತು. ಕಾಕಾನ ಮಗಳು ಅಷ್ಟೊತ್ತಿಗೆ ಪಿಯುಸಿಗೆ ಹೆಸರು ಹಚ್ಚಿ ರೋಣದ ಬಸ್ಸು ಹಿಡಿದಾಗಿತ್ತು. ಹೆಸರು ಬಿತ್ತಿ, ಮಳೆ ಬಿದ್ದು, ಕಳೆ ಬೆಳೆದು ನಿಂತಿತು. ಆಳು ಸಿಗಲಿಲ್ಲ. ಅಪ್ಪ ಕುರ್ಪಿ ಹಿಡಿದು ಬಾಗಿಲಿಗೆ ಬಂದು ಮಗನ ಕಡೆ ನೋಡಿದ. ಅವ್ವ ಒಳಗಿನಿಂದಲೇ ಕೂಗಿದಳು:

‘ಅವನ್ನ ಬಿಡ್ರಿ, ಇನ್ನೊಂದು ಐತಿ!’