ವಾಲ್‌ಪೇಪರ್ ಬದಲಿಸುವ ಶಾಸ್ತ್ರೋಕ್ತ ವಿಧಾನ

ಕಂಪ್ಯೂಟರಿನ ವಾಲ್‌ಪೇಪರ್ ಬದಲಿಸಲು ಬೇಕಾಗುವುದು ಎರಡೇ ಕ್ಲಿಕ್. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಟ್ ಆ್ಯಸ್ ಡೆಸ್ಕ್‌ಟಾಪ್ ಬ್ಯಾಕ್‌ಗ್ರೌಂಡ್’ ಒತ್ತಿದರೆ ಮುಗಿಯಿತು. ಹೀಗೆ ಅರ್ಧ ನಿಮಿಷದಲ್ಲಿ ಮುಗಿಸಿ ಕೆಲಸಕ್ಕೆ ಕೂರುವ ಅವಸರದ ಜನ ಪ್ರತಿ ಆಫೀಸಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರನ್ನು ಕಂಡರೆ ಕನಿಕರಪಡಿ. ಇದೇ ಕೆಲಸವನ್ನು ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆವರೆಗೆ, ನಡುವೆ ಎರಡು ಸಲ ಕಾಫಿ ಕುಡಿದು, ಅಕ್ಕಪಕ್ಕದ ಮೂವರನ್ನೂ ಸೇರಿಸಿಕೊಂಡು ಮಾಡುವ ಕ್ರಮವನ್ನು ಇಲ್ಲಿ ಹೇಳಿಕೊಡುತ್ತೇನೆ. ಇದರಲ್ಲಿ ಇಪ್ಪತ್ತು ವರ್ಷ ಪಳಗಿದ ಕೈ ನನ್ನದು, ನಂಬಿ.

1. ಮುಹೂರ್ತ ನೋಡಿ

ಸಾಹೇಬರು ‘ನಾಲ್ಕು ಗಂಟೆಯೊಳಗೆ ಸ್ಟೇಟ್‌ಮೆಂಟ್ ನನ್ನ ಟೇಬಲ್ ಮೇಲಿರಬೇಕು’ ಎಂದ ದಿನವೇ ಪ್ರಶಸ್ತ. ಮಾರ್ಚ್ ಕೊನೆಯ ವಾರವಾದರೆ ಇನ್ನೂ ಶ್ರೇಷ್ಠ. ಎಕ್ಸೆಲ್ ತೆರೆಯಿರಿ. ಮೊದಲ ಕಾಲಮ್ಮಿಗೆ ‘ಕ್ರ.ಸಂ.’ ಎಂದು ಬರೆಯಿರಿ. ಇಷ್ಟಕ್ಕೆ ಕೆಲಸ ಶುರುವಾದಂತೆ. ಈಗ ಫೈಲನ್ನು ಮಿನಿಮೈಸ್ ಮಾಡಿ, ಹಿಂದಿರುವ ಹಳೆಯ ಚಿತ್ರ ನೋಡಿ ನಿಟ್ಟುಸಿರು ಬಿಡಿ. ಇಂಥ ಪರದೆ ಇಟ್ಟುಕೊಂಡು ಯಾರಿಗೆ ತಾನೆ ಕೈ ಓಡುತ್ತದೆ?

2. ಚಿತ್ರ ಆರಿಸಿ

ಗೂಗಲ್‌ನಲ್ಲಿ ‘ಜೋಗ ಜಲಪಾತ’ ಎಂದು ಹುಡುಕಿ. ಸಾಲಾಗಿ ಬರುವ ಚಿಕ್ಕ ಚಿತ್ರಗಳಲ್ಲಿ ಚೆಂದದ್ದನ್ನು ಅಲ್ಲಿಯೇ ಸೇವ್ ಮಾಡಿಕೊಳ್ಳಿ. ಅದನ್ನು ಕ್ಲಿಕ್ಕಿಸಿ ಮೂಲ ಚಿತ್ರಕ್ಕೆ ಮಾತ್ರ ಹೋಗಬೇಡಿ.

ಲೆಕ್ಕ ಸರಳ. ನಿಮ್ಮ ಪರದೆ 1920×1080 ಅಳತೆಯದಾದರೆ ಅದರಲ್ಲಿ 20,73,600 ಚುಕ್ಕಿಗಳಿರುತ್ತವೆ. ನೀವು ಇಳಿಸಿಕೊಂಡ ಚಿತ್ರ 300×168ರದ್ದಾದರೆ ಅದರಲ್ಲಿರುವುದು 50,400. ಅಂದರೆ ಒಂದೊಂದು ಚುಕ್ಕಿಯೂ ನಲವತ್ತೊಂದು ಚುಕ್ಕಿಗಳ ಜಾಗ ತುಂಬಬೇಕು. ಒಬ್ಬನೇ ಗುಮಾಸ್ತನಿಗೆ ನಲವತ್ತು ಖಾಲಿ ಹುದ್ದೆಗಳ ಪ್ರಭಾರ ಕೊಟ್ಟಂತೆ! ಪರಿಣಾಮವೂ ಅದೇ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಸೇರಿ ತಂತಿಯ ಮೇಲೆ ಒಣಹಾಕಿದ ಬಿಳಿ ಪಂಚೆಯಂತೆ ಕಾಣುತ್ತವೆ. ಯಾರಾದರೂ ಕೇಳಿದರೆ ‘ಮಳೆಗಾಲದ ಮಂಜು’ ಎನ್ನಿ.

3. ಅಳತೆಗೆ ಕೂರಿಸಿ

ಜೋಗ ಬೇಸರವಾದಾಗ, ಹನ್ನೊಂದೂಕಾಲರ ಹೊತ್ತಿಗೆ, ಮನೆಯವರ ಫೋಟೊ ಹಾಕಿ. ಫೋನನ್ನು ಉದ್ದಕ್ಕೆ ಹಿಡಿದು ತೆಗೆದದ್ದೇ ಆಗಬೇಕು. ಅದನ್ನು ಅಡ್ಡ ಪರದೆಗೆ ಹೊಂದಿಸಲು ಮೂರು ಉತ್ತಮ ದಾರಿಗಳಿವೆ. ‘ಫಿಲ್’ ಒತ್ತಿದರೆ ಚಿತ್ರದ ಮೂರರಲ್ಲಿ ಎರಡು ಪಾಲು ಕತ್ತರಿಸಿ ಹೋಗುತ್ತದೆ. ಮದುವೆ ಮಂಟಪದಲ್ಲಿ ನಿಂತ ಬಂಧುಗಳ ಪೈಕಿ ಹೊಟ್ಟೆಗಳಷ್ಟೇ ಉಳಿಯುತ್ತವೆ. ‘ಟೈಲ್’ ಒತ್ತಿದರೆ, ಚಿತ್ರ ಚಿಕ್ಕದಾಗಿದ್ದಷ್ಟೂ ಚೆನ್ನ, ನಿಮ್ಮ ಒಬ್ಬನೇ ಮಗ ಸಾಲುಸಾಲಾಗಿ ಇಪ್ಪತ್ತು ಸಲ ನಗುತ್ತಾನೆ. ಒಬ್ಬನನ್ನೇ ಸಂಭಾಳಿಸಲಾಗದವರು ಇದನ್ನು ಬಿಟ್ಟು ‘ಸ್ಟ್ರೆಚ್’ಗೆ ಹೋಗಿ. ಇದರಲ್ಲಿ ಎಲ್ಲರೂ ಇರುತ್ತಾರೆ, ಆದರೆ ಇದ್ದದ್ದಕ್ಕಿಂತ ಮೂರು ಪಟ್ಟು ಅಗಲವಾಗಿರುತ್ತಾರೆ. ಅತ್ತೆಯವರ ಫೋಟೊವನ್ನು ಹೀಗೆ ಹಾಕಿ, ಅದರ ಎದುರೇ ಕೂತು ಮನೆಗೆ ವಿಡಿಯೊ ಕಾಲ್ ಮಾಡಿ ತೋರಿಸಿ.

4. ಲೈಸೆನ್ಸ್ ಇಲ್ಲವೆಂದು ಎದೆಗುಂದಬೇಡಿ

ವಿಂಡೋಸ್ ಆ್ಯಕ್ಟಿವೇಟ್ ಮಾಡಿಸದ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ಮೂಲಕ ವಾಲ್‌ಪೇಪರ್ ಬದಲಿಸಲು ಬಿಡುವುದಿಲ್ಲ. ಆದರೆ ನಾನು ಮೊದಲೇ ಹೇಳಿದ ರೈಟ್ ಕ್ಲಿಕ್ ಅಲ್ಲಿಯೂ ನಡೆಯುತ್ತದೆ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಲ ಬಾಗಿಲು ತೆರೆದಿಟ್ಟ ಮನೆ ಇದು. ಒಳಗೆ ಹೋಗಿ. ಬಲಗಡೆ ಕೆಳಮೂಲೆಯಲ್ಲಿ ‘ಆ್ಯಕ್ಟಿವೇಟ್ ವಿಂಡೋಸ್’ ಎಂಬ ಮಸುಕು ಅಕ್ಷರ ಉಳಿಯುತ್ತದೆ, ನಿಜ. ಅದಕ್ಕೆ ತಕ್ಕ ದೇವರ ಪಟ ಹುಡುಕಿ, ಅಕ್ಷರ ಸರಿಯಾಗಿ ಪಾದದ ಬಳಿ ಬರುವಂತೆ ಕೂರಿಸಿ. ನೋಡಿದವರು ಶ್ಲೋಕವೆಂದು ಕೈಮುಗಿಯುತ್ತಾರೆ.

5. ಐಕಾನ್‌ಗಳನ್ನು ಹರಡಿ

ರೀಸೈಕಲ್ ಬಿನ್ ಹುಟ್ಟಿನಿಂದಲೇ ಎಡಮೂಲೆಯಲ್ಲಿ ಕೂತಿರುತ್ತದೆ. ಅದನ್ನು ಎಳೆದು ತಂದು ಗಣೇಶನ ಕಿರೀಟದ ಮೇಲಿಡಿ. ಸರಿಸಲು ನಾಳೆ ಪುರುಸೊತ್ತು ಮಾಡಿಕೊಳ್ಳಬಹುದು. ಉಳಿದ ಜಾಗವನ್ನು ‘ವರದಿ ಫೈನಲ್’, ‘ವರದಿ ಫೈನಲ್ 2’, ‘ವರದಿ ನಿಜವಾದ ಫೈನಲ್’, ‘ನ್ಯೂ ಫೋಲ್ಡರ್ (7)’ಗಳಿಂದ ತುಂಬಿ. ಐಕಾನ್‌ಗಳ ಹೆಸರು ಬಿಳಿ ಅಕ್ಷರದಲ್ಲಿರುವುದರಿಂದ ವಾಲ್‌ಪೇಪರ್ ಕೂಡ ಬಿಳಿಯದೇ ಇರಲಿ. ಹಿಮಾಲಯ ಒಳ್ಳೆಯದು. ಯಾವ ಫೈಲ್ ಯಾವುದೆಂದು ನಿಮಗೇ ತಿಳಿಯದಿದ್ದ ಮೇಲೆ ಮಾಹಿತಿ ಸೋರುವ ಭಯವಿಲ್ಲ.

ಮಧ್ಯಾಹ್ನ ಊಟದ ನಂತರ ಪಕ್ಕದ ಟೇಬಲ್ಲಿನವರಿಗೂ ಸೇವೆ ಸಲ್ಲಿಸಿ. ಅವರು ಕೈತೊಳೆಯಲು ಹೋದಾಗ ಅವರ ಡೆಸ್ಕ್‌ಟಾಪಿನ ಸ್ಕ್ರೀನ್‌ಶಾಟ್ ತೆಗೆದು ಅದನ್ನೇ ವಾಲ್‌ಪೇಪರ್ ಮಾಡಿ. ನಂತರ ರೈಟ್ ಕ್ಲಿಕ್, ‘ವ್ಯೂ’, ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಮುಂದಿನ ಟಿಕ್ ತೆಗೆಯಿರಿ. ಈಗ ಪರದೆಯ ಮೇಲಿರುವುದು ಐಕಾನ್‌ಗಳಲ್ಲ, ಐಕಾನ್‌ಗಳ ಚಿತ್ರ. ನಮ್ಮಲ್ಲಿ ಒಬ್ಬರು ಎಸ್‌ಡಿಎ ಇಂಥ ಪರದೆಯ ಮುಂದೆ ಮುಕ್ಕಾಲು ಗಂಟೆ ಕೂತಿದ್ದರು. ಮೊದಲು ಮೆಲ್ಲಗೆ ಒತ್ತಿದರು. ಆಮೇಲೆ ಜೋರಾಗಿ ಒತ್ತಿದರು. ಮೌಸನ್ನು ತಿರುಗಿಸಿ ಹೊಟ್ಟೆ ಉಜ್ಜಿದರು, ಊದಿದರು. ಕೊನೆಗೆ ಹೊಸ ಮೌಸ್ ಬೇಕೆಂದು ಸ್ಟೋರಿಗೆ ಇಂಡೆಂಟ್ ಬರೆದರು. ಮೌಸ್ ಮಂಜೂರಾಗಿ ಬಂತು. ಅದೂ ಕೆಲಸ ಮಾಡಲಿಲ್ಲ.

6. ಚರ್ಚೆ ನಡೆಸಿ

ಮೂರು ಗಂಟೆಯ ಕಾಫಿಗೆ ವಿಂಡೋಸ್ ಎಕ್ಸ್‌ಪಿಯ ಹಸಿರು ಗುಡ್ಡದ ಮಾತು ತೆಗೆಯಿರಿ. ಅದು ಕುದುರೆಮುಖವೆಂದು ಖಂಡಿತವಾಗಿ ಹೇಳಿ; ನೀವೇ ಹೋಗಿ ನೋಡಿದ್ದಾಗಿ ಸೇರಿಸಿ. ಯಾರಾದರೂ ಓದಿಕೊಂಡವರು, ಅದನ್ನು 1996ರ ಜನವರಿಯಲ್ಲಿ ಚಾರ್ಲ್ಸ್ ಓರಿಯರ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸಿ ತೆಗೆದದ್ದು, ಕೀಟ ಬಿದ್ದ ದ್ರಾಕ್ಷಿ ಬಳ್ಳಿಗಳನ್ನು ಕಿತ್ತುಹಾಕಿದ್ದರಿಂದ ಗುಡ್ಡ ಹಾಗೆ ಹುಲ್ಲು ಹೊದ್ದಿತ್ತು, ಎಂದು ಶುರುಮಾಡಬಹುದು. ‘ಹಾಗಂತ ನೀವು ಹೇಳ್ತೀರಿ’ ಎಂದು ನಕ್ಕು ಕಾಫಿ ಹೀರಿ. ಅಲ್ಲಿ ಈಗ ಮತ್ತೆ ದ್ರಾಕ್ಷಿ ಬೆಳೆದಿದೆ, ಗುಡ್ಡ ಆ ಚಿತ್ರದಂತಿಲ್ಲ ಎಂದರೆ, ‘ನೋಡಿದ್ರಾ, ಅದಕ್ಕೇ ಕುದುರೆಮುಖ ಅಂದದ್ದು’ ಎಂದು ಮುಗಿಸಿ.

7. ಸ್ಲೈಡ್‌ಶೋ ಹಾಕಿ

ಒಂದೇ ಚಿತ್ರಕ್ಕೆ ಮನಸ್ಸು ನಿಲ್ಲದವರು ‘ಸ್ಲೈಡ್‌ಶೋ’ ಆರಿಸಿ, ಅವಧಿ ‘ಒಂದು ನಿಮಿಷ’ ಇಡಿ, ಫೋನಿನಿಂದ ಕಾಪಿ ಮಾಡಿದ ವಾಟ್ಸಾಪ್ ಚಿತ್ರಗಳ ಫೋಲ್ಡರನ್ನು ಇಡಿಯಾಗಿ ಕೊಟ್ಟುಬಿಡಿ. ಒಳಗೇನಿದೆಯೆಂದು ನೋಡುವ ಕಷ್ಟ ತೆಗೆದುಕೊಳ್ಳಬೇಡಿ. ನಾಲ್ಕು ಗಂಟೆಗೆ ಪ್ರಗತಿ ಪರಿಶೀಲನಾ ಸಭೆಗೆ ಅದೇ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸಿ. ಗೋಡೆಯಗಲಕ್ಕೆ ಮೊದಲು ಗುಲಾಬಿ ಹೂವಿನ ಶುಭೋದಯ ಬರುತ್ತದೆ. ನಂತರ ಇಳಕಲ್ ಸೀರೆ, ಕೆಳಗೆ ಬೆಲೆ. ನಂತರ ಭಾವಮೈದುನನ ಹಲ್ಲಿನ ಎಕ್ಸ್‌ರೇ. ಸಾಹೇಬರು ಕನ್ನಡಕ ಸರಿಮಾಡಿಕೊಳ್ಳುವ ಹೊತ್ತಿಗೆ ಸರಿಯಾಗಿ, ಸಾಹೇಬರದೇ ಮುಖಕ್ಕೆ ನೀವು ಕಳೆದ ತಿಂಗಳು ಮೀಸೆ ಬರೆದು ಸ್ಟಾಫ್ ಗ್ರೂಪಿಗೆ ಹಾಕಿದ ಚಿತ್ರ ಬರುತ್ತದೆ. ಗಾಬರಿಯಾಗಬೇಡಿ. ಒಂದು ನಿಮಿಷ ಮಾತ್ರ, ತಾನಾಗಿಯೇ ಬದಲಾಗುತ್ತದೆ.

ಐದೂವರೆಗೆ ಮನೆಗೆ ಹೊರಡುವ ಮುನ್ನ ಕೊನೆಯ ಪರೀಕ್ಷೆ ಮಾಡಿ. ವಿಂಡೋಸ್ ಕೀ ಜೊತೆ ‘ಡಿ’ ಒತ್ತಿ. ತೆರೆದ ಫೈಲ್‌ಗಳೆಲ್ಲ ಕೆಳಗಿಳಿದು ವಾಲ್‌ಪೇಪರ್ ಕಾಣಬೇಕು. ಫೈಲ್ ತೆರೆದು ದುಡಿಯುವವರಿಗೆ ಈ ಚಿತ್ರ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಕಂಡರೆ ಹೆಚ್ಚು. ನಡುವಿನ ಹೊತ್ತೆಲ್ಲ ಅದು ಕೆಲಸದ ಅಡಿಯಲ್ಲಿ ಮುಚ್ಚಿಹೋಗಿರುತ್ತದೆ. ನೀವು ‘ಡಿ’ ಒತ್ತಿದಾಗ ಏನೂ ಬದಲಾಗದೆ, ವಾಲ್‌ಪೇಪರ್ ಆಗಲೇ ಎದುರಿಗಿದ್ದರೆ, ಪಾಠ ಪೂರ್ತಿ ಕಲಿತಿರಿ. ‘ಕ್ರ.ಸಂ.’ ನಾಳೆ ಮುಂದುವರಿಸಿ.